ಸಿಂಗ್ಯುಲರ್ ಫಿಟ್ ಅಂತ ಎಚ್ಚರಿಕೆ ಬರ್ತಿದೆ, ಯಾವ ಹಂತ ಕೈಬಿಡಲಿ?

ಪ್ರಶ್ನೆ – ಪುಣೆ, ಕೋಥ್ರೂಡ್

ನಮಸ್ಕಾರ. ಊರು ಶಿವಮೊಗ್ಗ, ಪುಣೆಯಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್-5ರ (2019-21) ಮಹಾರಾಷ್ಟ್ರದ ದತ್ತಾಂಶದಲ್ಲಿ 6ರಿಂದ 59 ತಿಂಗಳ ಮಕ್ಕಳ ಹಿಮೋಗ್ಲೋಬಿನ್‌ಗೂ ತಾಯಿ ಓದಿದ ವರ್ಷಗಳಿಗೂ ಏನು ನಂಟು ಅಂತ ನೋಡ್ತಿದ್ದೀನಿ. ಮಗು, ಮನೆ, ಪಿಎಸ್‌ಯು (ಹಳ್ಳಿ ಅಥವಾ ನಗರದ ಒಂದು ಗಣತಿ ಬ್ಲಾಕ್), ಜಿಲ್ಲೆ ಅಂತ ನಾಲ್ಕು ಹಂತ. ಓದಿನ ಸ್ಲೋಪ್ (ಓದು ಒಂದು ವರ್ಷ ಹೆಚ್ಚಿದರೆ ಹಿಮೋಗ್ಲೋಬಿನ್ ಎಷ್ಟು ಬದಲಾಗುತ್ತೆ ಅನ್ನೋದು) ಪಿಎಸ್‌ಯು ಮತ್ತು ಜಿಲ್ಲೆ ಎರಡರಲ್ಲೂ ಬದಲಾಗಲಿ ಅಂತ ಬಿಟ್ಟಿದ್ದೆ. ಇಂಥ ಬಹುಹಂತದ ಮಾದರಿ ಕಟ್ಟುವ ಆರ್ ಪ್ಯಾಕೇಜ್ ಎಲ್‌ಎಂಇ4 ಪ್ರತಿ ಸಲ ‘ಸಿಂಗ್ಯುಲರ್ ಫಿಟ್’ (ಯಾವುದೋ ಹಂತದ ಹರಡುವಿಕೆ ಸೊನ್ನೆಗೆ, ಇಲ್ಲವೇ ಕೋರಿಲೇಶನ್ ±1ಕ್ಕೆ ಅಂಟಿಕೊಂಡಿದೆ) ಅನ್ನುತ್ತೆ, ಪಿಎಸ್‌ಯು ಹಂತದಲ್ಲಿ ಇಂಟರ್ಸೆಪ್ಟ್ (ಗೆರೆ ಶುರುವಾಗುವ ಮಟ್ಟ) ಮತ್ತು ಸ್ಲೋಪ್ ನಡುವಿನ ಕೋರಿಲೇಶನ್ -1.00 ತೋರಿಸುತ್ತೆ. ಎಚ್ಚರಿಕೆ ಹೋಗುವ ತನಕ ಒಂದೊಂದೇ ತೆಗೀತಾ ಹೋಗು ಅಂತಾರೆ ಒಬ್ಬರು. ಏನನ್ನೂ ತೆಗೀಬೇಡ ಅಂತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ – ಡೊಂಬಿವಲಿ, ವೃತ್ತಿಯಿಂದ ಸಂಖ್ಯಾಶಾಸ್ತ್ರಜ್ಞೆ

ಇಬ್ಬರ ಮಾತೂ ಸದ್ಯಕ್ಕೆ ಬೇಡ. ಮೊದಲು ಒಂದು ಪಟ್ಟಿ ಮಾಡಿ: ಹಿಮೋಗ್ಲೋಬಿನ್ ಅಳೆದ ಮಕ್ಕಳು ಪ್ರತಿ ಪಿಎಸ್‌ಯುನಲ್ಲಿ ಎಷ್ಟು? ಈ ಸಮೀಕ್ಷೆಯಲ್ಲಿ ಒಂದು ಪಿಎಸ್‌ಯುಗೆ ಆರಿಸಿದ್ದು 22 ಮನೆ. ಎಲ್ಲ ಮನೆಯಲ್ಲೂ ಐದು ವರ್ಷದೊಳಗಿನ ಮಗು ಇರೋದಿಲ್ಲ. ಬೆರಳೆಣಿಕೆಯ ಮಕ್ಕಳಿರುವ ಪಿಎಸ್‌ಯುಗಳು ಬೇಕಾದಷ್ಟು ಸಿಗುತ್ತವೆ. ಮೂರು ಮಕ್ಕಳು, ಮೂವರ ತಾಯಂದಿರೂ ಹತ್ತನೇ ತರಗತಿ ಅಂತಿಟ್ಟುಕೊಳ್ಳಿ. ಆ ಹಳ್ಳಿಯೊಳಗೆ ಓದಿನ ಸ್ಲೋಪ್ ಎಷ್ಟು ಅಂತ ಯಾವ ಗಣಿತವೂ ಹೇಳಲಾರದು. ಮನೆ ಹಂತದ ಕಥೆಯೂ ಇದೇ. ಮನೆಗೆ ಒಂದೇ ಮಗುವಾದರೆ, ಮನೆಯ ವ್ಯತ್ಯಾಸ ಯಾವುದು, ಮಗುವಿನ ವ್ಯತ್ಯಾಸ ಯಾವುದು ಅಂತ ಬಿಡಿಸೋದು ಹೇಗೆ?

ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಅಂತೀವಲ್ಲ, ಅದು ಒಂದೇ ಗಡಿಗೆಯ ಅನ್ನಕ್ಕೆ ಒಪ್ಪುವ ಮಾತು. ನಿಮ್ಮ ಮುಂದಿರೋದು ನೂರಾರು ಗಡಿಗೆ, ಪ್ರತಿಯೊಂದರಿಂದ ಸಿಕ್ಕಿದ್ದು ನಾಲ್ಕೈದು ಅಗುಳು. ಬಹುಹಂತದ ಮಾದರಿ ಮಾಡೋದು ಇಷ್ಟೇ: ಪ್ರತಿ ಗಡಿಗೆಯನ್ನು ಅದರ ಅಗುಳಿನಿಂದ ಸ್ವಲ್ಪ, ಉಳಿದ ಗಡಿಗೆಗಳ ಸರಾಸರಿಯಿಂದ ಸ್ವಲ್ಪ ಅಂದಾಜು ಮಾಡುತ್ತೆ. ಒಂದು ಪಿಎಸ್‌ಯು ಒಳಗೆ ಮಕ್ಕಳ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 1.4 ಗ್ರಾಂನಷ್ಟು ಹರಡಿದೆ, ಪಿಎಸ್‌ಯುಗಳ ನಡುವೆ 0.5 ಗ್ರಾಂನಷ್ಟು ಹರಡಿದೆ ಅಂತ ಲೆಕ್ಕಕ್ಕೆ ಹಿಡಿಯಿರಿ. ಆಗ 8 ಮಕ್ಕಳಿರುವ ಪಿಎಸ್‌ಯುವಿನ ಸ್ವಂತ ಸರಾಸರಿಗೆ ಸುಮಾರು ಅರ್ಧ ತೂಕ, ಮೂವರೇ ಇದ್ದರೆ ನೂರಕ್ಕೆ 28, ಮೂವತ್ತು ಇದ್ದರೆ ನೂರಕ್ಕೆ 79. ಇಂಟರ್ಸೆಪ್ಟ್‌ಗೇ ಈ ಪಾಡಾದರೆ ಸ್ಲೋಪ್‌ನ ಗತಿ ಊಹಿಸಿ.

ಹಾಗಾಗಿ ಆ ಎಚ್ಚರಿಕೆ ತಪ್ಪು ಮಾಡಿದ್ದಕ್ಕೆ ಬೈಗುಳ ಅಲ್ಲ. ‘ನೀನು ಕೇಳಿದ್ದಕ್ಕೆ ಉತ್ತರ ಈ ದತ್ತಾಂಶದಲ್ಲಿ ಇಲ್ಲ’ ಅಂತ ಹೇಳ್ತಿದೆ. ಪಿಎಸ್‌ಯು ಹಂತದಲ್ಲಿ ಸ್ಲೋಪ್ ಬದಲಾಗೋದೇ ಇಲ್ಲ ಅಂತ ಮಾತ್ರ ಇದರಿಂದ ತಿಳೀಬೇಡಿ. ಈ ಎರಡು ಮಾತು ಬೇರೆ ಬೇರೆ, ಪ್ರಬಂಧದಲ್ಲೂ ಬೇರೆಯಾಗೇ ಬರೀರಿ.

ಇನ್ನು -1.00. ಓದಿನ ವರ್ಷಗಳನ್ನು ಹಾಗೇ ಹಾಕಿದ್ದೀರಾ? ಹಾಗಾದರೆ ನಿಮ್ಮ ಇಂಟರ್ಸೆಪ್ಟ್ ಅಂದರೆ ಶಾಲೆ ಮೆಟ್ಟಿಲೇ ಹತ್ತದ ತಾಯಿಯ ಮಗು. ಬಹಳಷ್ಟು ಪಿಎಸ್‌ಯುಗಳಲ್ಲಿ ಅಂಥ ತಾಯಿಯೇ ಇಲ್ಲದಿರಬಹುದು. ದೂರದಿಂದ ಗೆರೆ ಎಳೆದು ಸೊನ್ನೆಗೆ ತಂದಾಗ, ಗೆರೆ ಒಂದು ಕಡೆ ಎದ್ದರೆ ಇನ್ನೊಂದು ಕಡೆ ಬೀಳಲೇಬೇಕು. ಪ್ರತಿ ಪಿಎಸ್‌ಯುವಿನ ಸರಾಸರಿ ಓದನ್ನು ಕಳೆದು, ಆ ಸರಾಸರಿಯನ್ನೇ ಇನ್ನೊಂದು ವೇರಿಯಬಲ್ ಆಗಿ ಸೇರಿಸಿ. ಅರ್ಥಶಾಸ್ತ್ರಜ್ಞ ಮುಂಡ್ಲಾಕ್ 1978ರಲ್ಲೇ ತೋರಿಸಿದ ದಾರಿ ಇದು. ಓದಿದ ತಾಯಿಯ ಮಗು ತನ್ನ ಹಳ್ಳಿಯ ಇತರ ಮಕ್ಕಳಿಗಿಂತ ಹೇಗಿದೆ ಅನ್ನೋದು ಒಂದು ಪ್ರಶ್ನೆ. ಓದಿದ ತಾಯಂದಿರು ಹೆಚ್ಚಿರುವ ಹಳ್ಳಿಯೇ ಹೇಗಿದೆ ಅನ್ನೋದು ಇನ್ನೊಂದು. ಎರಡನ್ನೂ ಒಂದೇ ಸಂಖ್ಯೆಗೆ ತುರುಕಿ, ಅದಕ್ಕೆ ಅಂಗನವಾಡಿ ನೀತಿಯ ಅರ್ಥ ಹಚ್ಚೋದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತೆ.

ಆಮೇಲೆ ಒಂದು ಸಂಜೆ ಬಿಡುವು ಮಾಡಿಕೊಂಡು ಸುಳ್ಳು ದತ್ತಾಂಶ ಹುಟ್ಟಿಸಿ. ನಿಮ್ಮದೇ ಜಿಲ್ಲೆಗಳು, ನಿಮ್ಮದೇ ಪಿಎಸ್‌ಯುಗಳು, ಪ್ರತಿಯೊಂದರಲ್ಲೂ ಅಷ್ಟೇ ಮಕ್ಕಳು. ಹಿಮೋಗ್ಲೋಬಿನ್ ಮಾತ್ರ ನೀವೇ ಆರಿಸಿದ ಸತ್ಯದಿಂದ ಬರಲಿ. ಸ್ಲೋಪ್ ಪಿಎಸ್‌ಯುನಿಂದ ಪಿಎಸ್‌ಯುಗೆ 0.05ರಷ್ಟು ಬದಲಾಗುತ್ತೆ ಅಂತ ಬೇಕಂತಲೇ ಒಳಗಿಡಿ. ನೂರು ಸಲ ಹುಟ್ಟಿಸಿ, ನೂರು ಸಲ ಫಿಟ್ ಮಾಡಿ. ಇಟ್ಟದ್ದು ಮರಳಿ ಸಿಗದಿದ್ದರೆ, ಅರ್ಧಕ್ಕರ್ಧ ಸಲ ಅದೇ ಎಚ್ಚರಿಕೆ ಬಂದರೆ, ಆ ಸ್ಲೋಪ್ ಕೈಬಿಡೋಕೆ ಅದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. ಮಾರ್ಗದರ್ಶಕರ ಮುಂದೆ ಅದನ್ನೇ ಇಡಿ.

ಪ್ರಶ್ನೆ – ಮಡಗಾಂವ್

ಗೋವಾದ ದತ್ತಾಂಶಕ್ಕೂ ಜಿಲ್ಲೆಯನ್ನು ರ‍್ಯಾಂಡಮ್ (ಮೇಲೆ ಹೇಳಿದ ಗಡಿಗೆಗಳ ಹಾಗೆ ಒಂದು ಹಂತ) ಮಾಡಬಹುದಾ?

ಉತ್ತರ

ಬೇಡ. ಎನ್‌ಎಫ್‌ಎಚ್‌ಎಸ್-5ರಲ್ಲಿ ಗೋವಾ ಅಂದರೆ ಉತ್ತರ, ದಕ್ಷಿಣ ಎರಡೇ ಜಿಲ್ಲೆ. ಎರಡು ಬಿಂದುವಿನಿಂದ ಜಿಲ್ಲೆಗಳ ನಡುವಿನ ಹರಡುವಿಕೆ ಅಳೆಯೋಕಾಗಲ್ಲ. ಜಿಲ್ಲೆ ಸಾಮಾನ್ಯ ವೇರಿಯಬಲ್ ಆಗಿರಲಿ, ಪಿಎಸ್‌ಯು ರ‍್ಯಾಂಡಮ್ ಆಗಿರಲಿ. ಮಹಾರಾಷ್ಟ್ರಕ್ಕೆ 36 ಜಿಲ್ಲೆ ಇರೋದರಿಂದ ಅಲ್ಲಿ ತೊಂದರೆ ಇಲ್ಲ.

ಪ್ರಶ್ನೆ – ಮುಂಬೈ, ಮಾಟುಂಗ

ಸಮೀಕ್ಷೆಯ ಸ್ಯಾಂಪಲ್ ವೇಟ್ ಇದೆಯಲ್ಲ, ಎಲ್‌ಎಂಇ4ರ ವೇಟ್ಸ್ ಜಾಗದಲ್ಲಿ ಅದನ್ನು ಹಾಕಿದರೆ ಸಾಕಲ್ಲವೇ? ನಾನು ಹಾಗೇ ಮಾಡಿದ್ದೆ.

ಉತ್ತರ

ದಯವಿಟ್ಟು ಅದನ್ನು ತೆಗೆಯಿರಿ. ಆ ಜಾಗ ಇರೋದು ಪ್ರತಿ ಅಳತೆ ಎಷ್ಟು ನಿಖರ ಅಂತ ಹೇಳೋಕೆ, ಒಂದು ಮಗು ಎಷ್ಟು ಮಕ್ಕಳ ಪ್ರತಿನಿಧಿ ಅಂತ ಹೇಳೋಕಲ್ಲ. ಪ್ರೋಗ್ರಾಂ ಚಕಾರ ಎತ್ತದೆ ಉತ್ತರ ಕೊಡುತ್ತೆ, ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅನಿಶ್ಚಿತ ಅನ್ನುವ ಅಳತೆ) ಮಾತ್ರ ನಂಬಲಾಗದ್ದು. ನಗರ-ಗ್ರಾಮೀಣ, ಜಿಲ್ಲೆ ಹೀಗೆ ಸ್ಯಾಂಪಲ್ ಆರಿಸಲು ಬಳಸಿದ ವಿವರಗಳನ್ನು ಮಾದರಿಯೊಳಗೇ ಸೇರಿಸಿ. ಇಡೀ ರಾಜ್ಯದ ಸರಾಸರಿ ಬೇಕಾದರೆ, ಕೊನೆಯಲ್ಲಿ ಜನಸಂಖ್ಯೆಯ ಪಾಲಿಗೆ ತಕ್ಕಂತೆ ಕೂಡಿಸಿ.

ಮತ್ತೆ ಪುಣೆಯಿಂದ, ಹನ್ನೆರಡು ದಿನದ ಮೇಲೆ

ಮೇಡಂ, ಸುಳ್ಳು ದತ್ತಾಂಶದಲ್ಲಿ ನೂರಕ್ಕೆ 61 ಸಲ ಅದೇ ಎಚ್ಚರಿಕೆ! ಪಿಎಸ್‌ಯು ಸ್ಲೋಪ್ ಮತ್ತು ಮನೆ ಹಂತ ಬಿಟ್ಟೆ, ಜಿಲ್ಲೆಯ ಸ್ಲೋಪ್ ಉಳಿಸಿಕೊಂಡೆ. ಈಗ ಎಚ್ಚರಿಕೆ ಇಲ್ಲ. ಇಷ್ಟಕ್ಕೆ ಮಾದರಿ ಸರಿ ಅನ್ನಬಹುದಾ?

ಉತ್ತರ

ಎಷ್ಟು ಖುಷಿಯಾಯಿತು ಗೊತ್ತಾ! ಆದರೆ ಎಚ್ಚರಿಕೆ ಇಲ್ಲ ಅಂದರೆ ಲೆಕ್ಕ ಮುಗಿಯಿತು ಅಂತ ಅರ್ಥ, ಮಾದರಿ ಸರಿ ಅಂತಲ್ಲ.

ಈಗ ಮಾದರಿಯಿಂದಲೇ ಹೊಸ ಮಕ್ಕಳನ್ನು ಹುಟ್ಟಿಸಿ, ನಿಜವಾದ ಮಕ್ಕಳ ಪಕ್ಕ ಇಡಿ. ಸರಾಸರಿ ಹೋಲಿಸಬೇಡಿ, ಅದು ಹೊಂದಿಕೊಂಡೇ ಇರುತ್ತೆ. ನಿಮ್ಮ ಪ್ರಶ್ನೆಗೆ ಬೇಕಾದದ್ದನ್ನು ಹೋಲಿಸಿ: ಪ್ರತಿ ಜಿಲ್ಲೆಯಲ್ಲಿ 11 ಗ್ರಾಂಗಿಂತ ಕಡಿಮೆ ಇರುವ ಮಕ್ಕಳು ಎಷ್ಟು ಪಾಲು, 7ಕ್ಕಿಂತ ಕೆಳಗೆ, ಅಂದರೆ ತೀವ್ರ ರಕ್ತಹೀನತೆಯವರು ಎಷ್ಟು? ಹಿಮೋಗ್ಲೋಬಿನ್‌ನ ಹರಡುವಿಕೆಗೆ ಎಡಗಡೆ ಬಾಲ ಉದ್ದವಾಗಿರಬಹುದು, ನಿಮ್ಮ ನಾರ್ಮಲ್ ಗೆರೆಗೆ ಅದು ಕಾಣಿಸೋದಿಲ್ಲ. ಹಾಗಾದರೆ ಅತಿ ಕಷ್ಟದಲ್ಲಿರುವ ಮಕ್ಕಳನ್ನೇ ಮಾದರಿ ಕಡಿಮೆ ಎಣಿಸುತ್ತೆ, ನೀವು ಪಿಎಚ್‌ಡಿಗೆ ಕೂತದ್ದೇ ಅವರಿಗಾಗಿ. ಬಾಲ ಹೊಂದದಿದ್ದರೆ ಬೇಸಿಯನ್ ಮಾದರಿ ಕಟ್ಟುವ ಆರ್ ಪ್ಯಾಕೇಜ್ ಬಿಆರ್‌ಎಂಎಸ್‌ನಲ್ಲಿ ಸ್ಕ್ಯೂ-ನಾರ್ಮಲ್ (ಒಂದು ಕಡೆ ವಾಲಿದ ಹರಡುವಿಕೆ) ಹಾಕಿ ನೋಡಿ. ಅಲ್ಲಿ ಆರ್-ಹ್ಯಾಟ್ (ಬೇರೆ ಬೇರೆ ಸರಪಳಿಗಳ ಉತ್ತರ ಒಂದಕ್ಕೊಂದು ಹೊಂದುತ್ತಾ ಅನ್ನುವ ಅಳತೆ) 1.01 ದಾಟದಿರಲಿ. ಡೈವರ್ಜೆನ್ಸ್ (ಲೆಕ್ಕ ದಾರಿ ತಪ್ಪಿತು ಅನ್ನುವ ಎಚ್ಚರಿಕೆ) ಬಂದರೆ, ಹೆಜ್ಜೆ ಸಣ್ಣದಾಗಿಸುವ ಅಡಾಪ್ಟ್-ಡೆಲ್ಟಾವನ್ನು 0.99ಕ್ಕೆ ಏರಿಸಿ ಬಾಯಿ ಮುಚ್ಚಿಸುವ ಮೊದಲು, ಜಿಲ್ಲೆಯ ಸ್ಲೋಪ್‌ನ ಹರಡುವಿಕೆಗೆ ನೀವು ಕೊಟ್ಟ ಪ್ರಯರ್ (ದತ್ತಾಂಶ ನೋಡುವ ಮೊದಲಿನ ಊಹೆ) ತೀರಾ ಅಗಲವಾಗಿದೆಯಾ ನೋಡಿ.

ಜಿಲ್ಲೆಗಳಿಗೆ ರ‍್ಯಾಂಕ್ ಕೊಡುವ ಆಸೆ ಬಂದೇ ಬರುತ್ತೆ. ಆಗ ಸರಾಸರಿಗಳನ್ನು ಮಾತ್ರ ಸಾಲಾಗಿ ಜೋಡಿಸಬೇಡಿ. ಮಾದರಿ ಕೊಡುವ ಪ್ರತಿ ಡ್ರಾದಲ್ಲೂ (ಸಾಧ್ಯವಿರುವ ಒಂದೊಂದು ಉತ್ತರದಲ್ಲೂ) ರ‍್ಯಾಂಕ್ ಲೆಕ್ಕ ಹಾಕಿ, ಒಂದೊಂದು ಜಿಲ್ಲೆ ಎಲ್ಲಿಂದ ಎಲ್ಲಿಯವರೆಗೆ ಓಡಾಡುತ್ತೆ ಅಂತ ಗೆರೆ ಎಳೆದು ತೋರಿಸಿ. ಆ ಚಿತ್ರ ಇಲ್ಲಿ ಹಾಕಿ, ಕಾಯ್ತಿರ್ತೀನಿ.