ಗ್ಯಾಮಾದಿಂದ ಗುಣಿಸೋದಾ, ಭಾಗಿಸೋದಾ?

ಕೇಳಿದವರು, ಬಿಎಸ್ಸಿ ಕೊನೇ ವರ್ಷ:
ಸ್ಪೆಷಲ್ ರಿಲೇಟಿವಿಟಿ (ತುಂಬಾ ವೇಗವಾಗಿ ಓಡೋ ವಸ್ತುಗಳ ಉದ್ದ, ಸಮಯದ ಬಗ್ಗೆ ಐನ್‌ಸ್ಟೈನ್ ಸಿದ್ಧಾಂತ) ಅಸೈನ್‌ಮೆಂಟ್ ಸೋಮವಾರ ಕೊಡಬೇಕು. ಕ್ಲಾಸಲ್ಲಿ ಎಲ್ಲಾ ಅರ್ಥ ಆದ ಹಾಗೇ ಇರತ್ತೆ. ಲೆಕ್ಕಕ್ಕೆ ಕೂತರೆ ಗ್ಯಾಮಾದಿಂದ (ವೇಗ ಹೆಚ್ಚಿದಷ್ಟೂ ದೊಡ್ಡದಾಗೋ ಗುಣಕ, 1/√(1−v²/c²)) ಗುಣಿಸಬೇಕೋ ಭಾಗಿಸಬೇಕೋ ಗೊತ್ತಾಗಲ್ಲ, ಹತ್ತರಲ್ಲಿ ಐದು ಉಲ್ಟಾ. ಈಗ ಸಿಕ್ಕಿಹಾಕಿಕೊಂಡಿರೋದು ಇದು: 100 ಮೀಟರ್ ರೈಲು, 80 ಮೀಟರ್ ಪ್ಲಾಟ್‌ಫಾರಂ, ವೇಗ 0.6ಸಿ (ಸಿ ಅಂದರೆ ಬೆಳಕಿನ ವೇಗ). ಪ್ಲಾಟ್‌ಫಾರಂನಲ್ಲಿ ನಿಂತವರಿಗೆ ರೈಲು ಸರಿಯಾಗಿ ಹಿಡಿಸತ್ತೆ, ರೈಲಿನಲ್ಲಿ ಕೂತವರಿಗೆ ಹಿಡಿಸಲ್ಲ. ಯಾರದು ಸರಿ? ನೀವೆಲ್ಲ ಹೇಗೆ ಕಲಿತಿರಿ?

ಎಂಎಸ್ಸಿ ಮುಗಿಸಿದವರು:
‘ಓಡುವ ಗಡಿಯಾರ ನಿಧಾನ, ಓಡುವ ಕೋಲು ಗಿಡ್ಡ’ ಅಂತ ಹಾಸ್ಟೆಲ್ ಗೋಡೆ ಮೇಲೆ ಬರೆದಿಟ್ಟಿದ್ದೆ. ಇಂಟರ್ನಲ್ಸ್‌ನಲ್ಲಿ 20ಕ್ಕೆ 6 ಬಂದಿದ್ದು ಅದರ ಪುಣ್ಯ. ಓಡ್ತಿರೋದು ಯಾರು ಅನ್ನೋದೇ ಇಲ್ಲಿ ತಕರಾರು ತಾನೇ?

ಸೀನಿಯರ್ ಒಬ್ಬರು ಬಾಯಿಪಾಠ ಬಿಡಿಸಿದರು. ಸೂತ್ರ ಮುಟ್ಟೋಕೆ ಮುಂಚೆ ಘಟನೆಗಳನ್ನ ಬರಿ ಅಂದರು: ಏನಾಯ್ತು, ಎಲ್ಲಿ, ಯಾವಾಗ. ಎರಡು ಘಟನೆಗಳು ಯಾವ ಫ್ರೇಮ್‌ನಲ್ಲಿ (ಅಂದರೆ ಯಾರ ಜೊತೆ ಇದ್ದು ಅಳೆದರೆ) ಒಂದೇ ಜಾಗದಲ್ಲಿ ಆಗತ್ತೋ ಆ ಫ್ರೇಮ್‌ನ ಸಮಯವೇ ಚಿಕ್ಕದು, ಉಳಿದವರದ್ದು ಅದರ ಗ್ಯಾಮಾಪಟ್ಟು. ಒಂದೇ ಜಾಗ ಆಗೋ ಫ್ರೇಮ್ ಇಲ್ಲವೇ ಇಲ್ಲ ಅಂದರೆ ಅಡ್ಡದಾರಿ ಮರೆತುಬಿಡಿ, ಒಬ್ಬರ ಜಾಗ-ಸಮಯವನ್ನ ಇನ್ನೊಬ್ಬರದಕ್ಕೆ ಬದಲಿಸೋ ಪೂರ್ತಿ ಲೊರೆಂಟ್ಜ್ ಸೂತ್ರ ಹಾಕಿ.

ನಿಮ್ಮ ರೈಲು ಆ ಎರಡನೇ ಜಾತಿ. ಘಟನೆ ಒಂದು, ಹಿಂಬದಿ ಪ್ಲಾಟ್‌ಫಾರಂ ಒಳಗೆ ಬಂತು. ಘಟನೆ ಎರಡು, ಮುಂಬದಿ ಆ ಕೊನೆ ಮುಟ್ಟಿತು. ಗ್ಯಾಮಾ 1.25, ಪ್ಲಾಟ್‌ಫಾರಂನವರಿಗೆ ರೈಲು 80 ಮೀಟರ್, ಎರಡೂ ಒಟ್ಟಿಗೇ ಆದವು. ರೈಲಿನವರಿಗೆ ಪ್ಲಾಟ್‌ಫಾರಂ ಬರೀ 64 ಮೀಟರ್. ಮುಂಬದಿ ಕೊನೆ ಮುಟ್ಟಿದಾಗ ಹಿಂಬದಿ ಇನ್ನೂ 36 ಮೀಟರ್ ಹೊರಗೇ ಇದೆ. ಆ 36 ಮೀಟರನ್ನ 0.6ಸಿಯಿಂದ ಭಾಗಿಸಿ: 0.2 ಮೈಕ್ರೊಸೆಕೆಂಡ್. ಈಗ ಬೇರೆ ದಾರಿ ಹಿಡಿಯಿರಿ. ಗ್ಯಾಮಾ, ವೇಗ, 80 ಮೀಟರ್, ಮೂರನ್ನೂ ಗುಣಿಸಿ ಸಿ ವರ್ಗದಿಂದ ಭಾಗಿಸಿ. ಅದೇ 0.2! ಇಬ್ಬರೂ ಸರಿ, ‘ಒಟ್ಟಿಗೇ’ ಅನ್ನೋ ಮಾತು ಮಾತ್ರ ಇಬ್ಬರಿಗೂ ಒಂದೇ ಅಲ್ಲ. ಈ ಎರಡು ಉತ್ತರ ಕೂಡಿಬಂದ ರಾತ್ರಿ ನಾನು ಗೋಡೆ ಬರಹ ಅಳಿಸಿದೆ.

ಡಿಗ್ರಿ ಕಾಲೇಜಿನ ಉಪನ್ಯಾಸಕಿ:
ನಾನು ಮ್ಯೂಯಾನ್ ಲೆಕ್ಕದಿಂದಲೇ ಶುರು ಮಾಡಿಸುತ್ತೇನೆ. ಮ್ಯೂಯಾನ್ ಅಂದರೆ ವಾತಾವರಣದ ಮೇಲ್ಭಾಗದಲ್ಲಿ ಹುಟ್ಟಿ ಕೆಳಗಿಳಿಯುವ, ಬೇಗ ನಾಶವಾಗುವ ಸೂಕ್ಷ್ಮ ಕಣ. ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್, ವೇಗ 0.995ಸಿ ಇಟ್ಟುಕೊಳ್ಳಿ, ಗ್ಯಾಮಾ ಹತ್ತು. ರಿಲೇಟಿವಿಟಿ ಇಲ್ಲದಿದ್ದರೆ ಒಂದು ಆಯಸ್ಸಿನಲ್ಲಿ ಸುಮಾರು 660 ಮೀಟರ್, ಅಷ್ಟೇ. 15 ಕಿಲೋಮೀಟರ್ ಮೇಲೆ ಹುಟ್ಟಿದ್ದರಲ್ಲಿ ಸಾವಿರ ಕೋಟಿಗೆ ಒಂದೋ ಎರಡೋ ಕೆಳಗಿಳಿಯಬೇಕು. ರಿಲೇಟಿವಿಟಿ ಹಾಕಿದರೆ ಈ ವೇಗಕ್ಕೆ ನೂರರಲ್ಲಿ ಹತ್ತರಷ್ಟು ಇಳಿಯುತ್ತವೆ. ನಮಗೆ ಅದರ ಗಡಿಯಾರ ನಿಧಾನ. ಮ್ಯೂಯಾನ್‌ಗೆ ನಮ್ಮ 15 ಕಿಲೋಮೀಟರ್ ಗಾಳಿ ಒಂದೂವರೆ ಕಿಲೋಮೀಟರ್. ಎರಡೂ ಕಡೆಯಿಂದ ಮಾಡಿ, ಒಂದೇ ಸಂಖ್ಯೆ ಬಾರದಿದ್ದರೆ ನೀವು ಗ್ಯಾಮಾವನ್ನು ಎರಡು ಸಲ ಹಾಕಿದ್ದೀರಿ. ಪ್ರತಿ ವರ್ಷ ಅರ್ಧ ಕ್ಲಾಸ್ ಮಾಡುವ ತಪ್ಪು ಇದೇ. ಭೌತವಿಜ್ಞಾನಿಗಳಾದ ರೊಸ್ಸಿ ಮತ್ತು ಹಾಲ್ 1941ರಲ್ಲಿ ಎತ್ತರದಲ್ಲೂ ಕೆಳಗೂ ಮ್ಯೂಯಾನ್ ಎಣಿಸಿ ನೋಡಿದ್ದರು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಮ್ಯೂಯಾನ್ ಎಣಿಸಿದ್ದಾರೆ, ಅಂದರೆ ಕೆಲವು ನೆಲದೊಳಕ್ಕೂ ಇಳಿಯುತ್ತವೆ.

ಧಾರವಾಡದ ಕಡೆಯವರು:
ತಮ್ಮಾ, ಮೊದಲ ಗ್ರಾಫ್ ಹಾಳಿ ತಗೊ. ಚಿತ್ರ ತಗೀಲಾರದ ಲೆಕ್ಕ ಮಾಡಬ್ಯಾಡ. ಮತ್ತ ಮಾಸ್ತರು 0.6, 0.8 ಅಂತನ ಯಾಕ ಕೊಡ್ತಾರ ಗೊತ್ತೇನು? 3-4-5. ಗ್ಯಾಮಾ 5/4, 5/3. ಭಿನ್ನರಾಶಿ ಇಟ್ಗೊಂಡ ಹೋಗು, ಕ್ಯಾಲ್ಕ್ಯುಲೇಟರ್ ಮುಟ್ಟಬ್ಯಾಡ.

ಪಿಎಚ್‌ಡಿ ಮಾಡ್ತಿರೋರು:
ಒಂದು ಕಣ ಒಡೆದು ಬೇರೆ ಕಣಗಳಾಗೋ (ಡಿಕೇ) ಲೆಕ್ಕ ಬಂದರೆ ಒಂದು ಉಪಾಯ. ನಿಂತ ಪಯಾನ್ ಅನ್ನೋ ಕಣ ಒಡೆದು ಮ್ಯೂಯಾನ್ ಮತ್ತು ನ್ಯೂಟ್ರಿನೊ ಅನ್ನೋ ಎರಡು ಕಣ ಆಗತ್ತೆ, ಮ್ಯೂಯಾನ್ ಶಕ್ತಿ ಕೇಳಿದ್ದಾರೆ ಅನ್ನಿ. ಬೇಡದ್ದು ನ್ಯೂಟ್ರಿನೊ. ಅದರ ನಾಲ್ಕು-ಸಂವೇಗವನ್ನ (ಶಕ್ತಿ, ಸಂವೇಗ ಎರಡನ್ನೂ ಸೇರಿಸಿದ ರಾಶಿ) ಒಂದು ಕಡೆ ಒಂಟಿಯಾಗಿ ಇಟ್ಟು ಎರಡೂ ಕಡೆ ವರ್ಗ ಮಾಡಿ. ನ್ಯೂಟ್ರಿನೊ ದ್ರವ್ಯರಾಶಿ ಇಲ್ಲ ಅನ್ನೋಷ್ಟು ಕಡಿಮೆ, ಹಾಗಾಗಿ ಆ ಕಡೆ ಸೊನ್ನೆ ಆಗಿಹೋಗತ್ತೆ, ಎರಡು ಸಾಲಲ್ಲಿ ಸುಮಾರು 109.8 ಎಂಇವಿ (ಕಣಗಳ ಶಕ್ತಿಯ ಅಳತೆ). ವೇಗ ಹುಡುಕೋಕೆ ಹೋದರೆ ಎರಡು ಪುಟ.

ಕೇಳಿದವರು:
ರೈಲು ಲೆಕ್ಕ ಮಾಡಿದೆ, ಎರಡೂ ದಾರಿಯಲ್ಲೂ 0.2 ಬಂತು! ಆದರೆ ಲೊರೆಂಟ್ಜ್ ಹಾಕಿ ಎರಡನೇ ಘಟನೆ ಸಮಯದಿಂದ ಮೊದಲನೇದು ಕಳೆದರೆ ಮೈನಸ್ 0.2. ಎಲ್ಲಿ ತಪ್ಪಿದೆ?

ಎಂಎಸ್ಸಿ ಮುಗಿಸಿದವರು:
ಎಲ್ಲೂ ತಪ್ಪಿಲ್ಲ. ರೈಲಿನವರಿಗೆ ನಿಮ್ಮ ಎರಡನೇ ಘಟನೆಯೇ ಮೊದಲು ಆಗಿದ್ದು. ಆ ಮೈನಸ್ ಅಳಿಸಬೇಡಿ, ಅದಕ್ಕೇ ಮಾರ್ಕ್ಸ್ ಇರೋದು.