ಇಂಗ್ಲೆಂಡಿನ ಲೀಡ್ಸ್ ಚಳಿಗೆ ನಮ್ಮ ವಿಪೆಟ್ ನಾಯಿ ನಡುಗುತ್ತಾಳೆ

ಪ್ರಶ್ನೆ: ಎರಡು ವರ್ಷದ ವಿಪೆಟ್ (ತೆಳ್ಳನೆ ಮೈಯ, ವೇಗವಾಗಿ ಓಡುವ ತಳಿ) ಹೆಣ್ಣುನಾಯಿಯನ್ನು ಮನೆಗೆ ತಂದು ಮೂರು ವಾರವಾಯಿತು. ಮನೆಯೊಳಗೂ ನಡುಗುತ್ತಾಳೆ. ಪಕ್ಕೆಲುಬು ಕಾಣುತ್ತವೆ. ಊಟ ಸಾಲುತ್ತಿಲ್ವಾ ಅಂತ ಭಯ.

ಉತ್ತರ 1: ಭಯ ಬೇಡ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜ. ಮೈಯಲ್ಲಿ ಕೊಬ್ಬು ಕಡಿಮೆ, ಕೂದಲೂ ಗಿಡ್ಡ. ಹೊರಗೆ ಕೋಟು ಹಾಕಿ, ಒಳಗೆ ದಪ್ಪ ಕಂಬಳಿ ಕೊಡಿ. ನಮ್ಮ ವಿಪೆಟ್ ಹತ್ತು ವರ್ಷದಿಂದ ನನ್ನ ರಜಾಯಿಯೊಳಗೇ ಮಲಗುತ್ತಾನೆ, ಪಾಪ. ತೂಕ ಇಳಿಯುತ್ತಾ ಹೋದರೆ, ನಡುಕ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಉತ್ತರ 2: ಬಯಲಲ್ಲಿ ಸುಮ್ನೆ ಹಗ್ಗ ಬಿಚ್ಚಬೇಡಿ. ಅಳಿಲು ಕಂಡರೆ ಗಂಟೆಗೆ 50 ಕಿ.ಮೀ. ವೇಗ! ಕರೆದರೂ ಕೇಳಿಸುವುದಿಲ್ಲ. ತಲೆ ಸಣ್ಣದು, ಸಾಮಾನ್ಯ ಕೊರಳಪಟ್ಟಿ ಜಾರುತ್ತದೆ. ಅಗಲದ ಮಾರ್ಟಿಂಗೇಲ್ ಪಟ್ಟಿ (ನಾಯಿ ಎಳೆದಾಗ ಸ್ವಲ್ಪ ಬಿಗಿಯಾಗುವ ಕೊರಳಪಟ್ಟಿ) ಹಾಕಿ.

ಪ್ರಶ್ನೆ ಕೇಳಿದವರು: ಕಂಬಳಿ ಹೊದಿಸಿದೆ. ನಡುಕ ನಿಂತಿತು. ಮೂತಿ ಮಾತ್ರ ಹೊರಗಿದೆ.