ತುರ್ತು: ಡೆತ್ ಕ್ರಾಸ್‌ಗೆ ಕನ್ನಡದಲ್ಲಿ ಏನನ್ನೋಣ?

ಬಳಗಕ್ಕೆ ನಮಸ್ಕಾರ.

ಹೊಸದಾಗಿ ಷೇರು ಕಲಿಯುವವರಿಗೆ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಅಚ್ಚಿಗೆ ಕೊಡಬೇಕು. ‘ಕುಸಿತದ ಮುನ್ಸೂಚನೆಗಳು’ ಅನ್ನುವ ಅಧ್ಯಾಯ ಪೂರ್ತಿ ಸುಜ್ಲಾನ್ ಚಾರ್ಟ್ ಮೇಲೆ ನಿಂತಿದೆ. ನಮ್ಮ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ ಕಂಪನಿಗಳಲ್ಲಿ ಅದೂ ಒಂದು. 2008ರ ಜನವರಿಯಲ್ಲಿ 400 ರೂಪಾಯಿ ಆಸುಪಾಸು ಇದ್ದ ಷೇರು, ಆ ವರ್ಷ ಮುಗಿಯುವಷ್ಟರಲ್ಲಿ 100ರ ಕೆಳಗೆ. ನಡುವೆ ಕಳೆದ 50 ದಿನದ ಸರಾಸರಿ ಬೆಲೆಯ ಕೆಂಪು ಗೆರೆ 200 ದಿನದ ಸರಾಸರಿಯ ನೀಲಿ ಗೆರೆಯನ್ನು ದಾಟಿ ಕೆಳಗಿಳಿಯುತ್ತದೆ. ಅಲ್ಲೊಂದು ಬಾಣ. ಬಾಣದ ಪಕ್ಕ ಹೆಸರು ಬರೆಯಲು ಒಂದೂವರೆ ಇಂಚು ಜಾಗ.

ಹೀಗೆ ದಾಟುವುದಕ್ಕೆ ಮೂಲದಲ್ಲಿ ಡೆತ್ ಕ್ರಾಸ್ ಅಂತಿದೆ. ನನಗಿಂತ ಮೊದಲು ಕೈಹಾಕಿದ್ದವರು ‘ಸಾವಿನ ಶಿಲುಬೆ’ ಅಂತ ಬರೆದಿಟ್ಟಿದ್ದಾರೆ! ‘ಇಳಿಗತ್ತರಿ’ ಆಗಬಹುದಾ? ಗೋಲ್ಡನ್ ಕ್ರಾಸ್‌ಗೆ ‘ಏರುಗತ್ತರಿ’, ಅದು ಇದರ ತಿರುಗುಮುರುಗು, ಕೆಂಪು ಗೆರೆ ಮೇಲಕ್ಕೆ ದಾಟುವುದು. ಸಪೋರ್ಟ್ (ಇಳಿಯುವ ಬೆಲೆ ಬಂದು ನಿಲ್ಲುವ ಮಟ್ಟ), ಡೆಡ್ ಕ್ಯಾಟ್ ಬೌನ್ಸ್ (ಬಿದ್ದ ಬೆಲೆ ಸ್ವಲ್ಪ ಎದ್ದು ಮತ್ತೆ ಬೀಳುವುದು) ಕೂಡ ಬಾಕಿ ಇವೆ.

ಮರು 1:
ಇಳಿಗತ್ತರಿ, ಅಡಕತ್ತರಿ, ಈಳಿಗೆಮಣೆ. ಅಡುಗೆಮನೆ ಸಾಮಾನಿನ ಪಟ್ಟಿ ಬರೆಸುತ್ತಿದ್ದೀರಾ? ಡೆತ್ ಕ್ರಾಸ್ ಅಂತಲೇ ಬಿಡಿ.

ಮರು 2:
ಸಮಾಸ ಸರಿಯಿದೆ, ಗಕಾರ ಬರಲೇಬೇಕು. ಆದರೆ ಕತ್ತರಿ ಕನ್ನಡದ್ದಲ್ಲ, ಸಂಸ್ಕೃತದ ಕರ್ತರಿಯಿಂದ ಬಂದದ್ದು. ಅಚ್ಚಗನ್ನಡ ಬೇಕಿದ್ದರೆ ‘ಇಳಿಹಾಯ್ವು’ ಅನ್ನಿ. ಸರಾಸರಿ ಪಾರಸಿಯದು, ಅದನ್ನೂ ನೋಡಿಕೊಳ್ಳಿ. ಮತ್ತೆ ಈ ‘ಷೇರು’ ಯಾಕೆ? ಇಂಗ್ಲಿಷಿನಿಂದ ಬಂದ ಪದಕ್ಕೆ ಷಕಾರ ಕೊಟ್ಟವರು ಯಾರು? ಶೇರು ಸಾಕು.

ಮರು 3:
ಕತ್ತಿ ಯಾರ ಮನೆಯದು ಸ್ವಾಮಿ? ತಮಿಳಿನಲ್ಲಿದೆ, ತೆಲುಗಿನಲ್ಲಿದೆ. ಕತ್ತರಿಯೂ ಅದೇ ಮನೆಯ ಕೂಸು ಅಂತ ಈ ಬಳಗದಲ್ಲಿ ಎಷ್ಟು ಸಲ ಹೇಳಬೇಕು? ‘ಇಳಿಹಾಯ್ವು’ ಅಂದರೆ ಏನು ಅಂತ ನನ್ನ ಹೆಂಡತಿಯನ್ನು ಕೇಳಿದೆ. ಹತ್ತು ವರ್ಷದಿಂದ ಷೇರು ಮಾಡುತ್ತಾಳೆ. ‘ಹಾವು ಇಳೀತಾ?’ ಅಂದಳು. ಚಾರ್ಟ್ ತೋರಿಸಿದರೆ, ‘ಓ, ಲೈನ್ ಕಟ್ ಆಗಿರೋದು’ ಅಂದಳು. ಕತ್ತರಿ ಅಲ್ಲೇ ಇದೆ ನೋಡಿ.

‘ಸಾವು’ ಮಾತ್ರ ಬೇಡ. ಶಿಲುಬೆ ತಪ್ಪು ಅನ್ನೋದು ಎಲ್ಲರಿಗೂ ಕಾಣುತ್ತದೆ, ಸಾವೂ ಅಷ್ಟೇ ತಪ್ಪು. ಸರಾಸರಿ ಗೆರೆ ಯಾವಾಗಲೂ ಬೆಲೆಯ ಹಿಂದೆ ಬರುವುದು. ಎರಡು ಗೆರೆ ಸೇರುವ ಹೊತ್ತಿಗೆ ಬೆಲೆ ಬಿದ್ದು ಎಷ್ಟೋ ದಿನ ಆಗಿರುತ್ತದೆ. ಹಾಗಾಗಿ ನಿಮ್ಮ ತಲೆಬರಹದ ‘ಮುನ್ಸೂಚನೆ’ಯೂ ಜಾಸ್ತಿ ಆಯಿತು. ‘ಕುರುಹು’ ಅನ್ನಿ. ಅದೇ ಸುಜ್ಲಾನ್ 2020ರಲ್ಲಿ 2 ರೂಪಾಯಿಗಿಂತ ಕೆಳಗೆ ಹೋಗಿ 2024ರಲ್ಲಿ 80 ದಾಟಿತು. ಸತ್ತದ್ದು ಹಾಗೆ ಎದ್ದು ಬರುತ್ತಾ?

ಸಪೋರ್ಟ್‌ಗೆ ಪತ್ರಿಕೆಗಳಲ್ಲಿ ‘ಬೆಂಬಲ ಮಟ್ಟ’ ಅಂತ ಬರುತ್ತದೆ. ಬೆಂಬಲ ಸರ್ಕಾರಕ್ಕೆ ಕೊಡುವುದು. ಬೆಲೆ ನಿಲ್ಲುವುದು ಆಸರೆಯ ಮೇಲೆ. ‘ಆಸರೆ ಮುರಿಯಿತು’ ಅಂದರೆ ಸಾಕು, ವಿವರಣೆ ಬೇಡ. ಸತ್ತ ಬೆಕ್ಕನ್ನು ಎತ್ತಿ ಆಚೆ ಹಾಕಿ, ‘ಹುಸಿ ಚೇತರಿಕೆ’ ಅಂತ ಬರೆಯಿರಿ.

ಮರು 4:
ಬೆಕ್ಕಿನ ಬದಲು ‘ಆರುವ ದೀಪದ ಉರಿ’ ಆಗಲ್ವಾ?

ಮರು 5:
ಆಗಲ್ಲ. ದೀಪ ಉಳಿದ ಎಣ್ಣೆಯಲ್ಲಿ ತಾನಾಗಿ ಉರಿಯುವುದು. ಇದು ಬಿದ್ದ ರಭಸಕ್ಕೆ ಪುಟಿಯುವುದು.

ಮರು 2, ಇನ್ನೊಮ್ಮೆ:
ಆಸರೆ ಸಂಸ್ಕೃತದ ಆಶ್ರಯ. ಗೊತ್ತಿರಲಿ ಅಂತ ಹೇಳಿದೆ. ಹೀಗೆ ಬಂದ ಬಂದ ಪದವನ್ನೆಲ್ಲ ಸುಮ್ನೆ ಒಳಗೆ ಬಿಟ್ಟುಕೊಂಡರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮರು 3, ಇನ್ನೊಮ್ಮೆ:
ಪೇಟೆಯ ಮಾತು ಯಾವತ್ತು ಅಚ್ಚಗನ್ನಡ ಆಗಿತ್ತು? ದಲ್ಲಾಳಿ, ಬಾಕಿ, ವಸೂಲಿ, ಜಮಾ. ಇವನ್ನೆಲ್ಲ ಬಿಟ್ಟು ಒಂದು ದಿನ ಅಂಗಡಿಯ ಲೆಕ್ಕ ಬರೆದು ತೋರಿಸಿ, ಆಮೇಲೆ ಮಾತಾಡೋಣ.

ಮರು 1, ಇನ್ನೊಮ್ಮೆ:
ಶುರುವಾಯಿತು. ನಾನು ಮಲಗುತ್ತೇನೆ.

ಕೇಳಿದವನಿಂದ:
ಎಲ್ಲರಿಗೂ ಥ್ಯಾಂಕ್ಸ್. ‘ಇಳಿಗತ್ತರಿ’ ಹಾಕಿದೆ. ಒಂದೂವರೆ ಇಂಚಿನಲ್ಲಿ ಕೂತು, ಕೆಳಗೆ ಸಣ್ಣಕ್ಷರದಲ್ಲಿ ಡೆತ್ ಕ್ರಾಸ್ ಅಂತ ಬರೆಯಲೂ ಜಾಗ ಉಳಿಯಿತು. ಆಸರೆ, ಕುರುಹು, ಹುಸಿ ಚೇತರಿಕೆ ಮೂರೂ ಒಳಗೆ ಬಂದವು. ಷೇರು ಮಾತ್ರ ಷಕಾರದಲ್ಲೇ ಇದೆ. ಮುಖಪುಟ ಹೋದ ವಾರವೇ ಅಚ್ಚಾಗಿದೆ.